ದಾಸೋಹದ ಕಾಯಿಪಲ್ಲೆ ಯಾರ ಹೊಲದ್ದು?

ಕಳೆದ ತಿಂಗಳು ಹದಿನೈದು ದಿನ ಹೈದರಾಬಾದಿನಲ್ಲಿ ಮಗಳ ಮನೆಯಲ್ಲಿದ್ದೆ. ನಮ್ಮ ಮನೆಯವರ ಮೊಣಕಾಲು ನೋವನ್ನು ಅಲ್ಲಿಯ ವೈದ್ಯರಿಗೆ ತೋರಿಸುವುದಿತ್ತು. ಬೀದರ ಜಿಲ್ಲೆಯವರಿಗೆ ಹೈದರಾಬಾದ್ ಪರಸ್ಥಳವಲ್ಲ. 1956ರ ನವೆಂಬರ್ 1ರವರೆಗೆ ನಮ್ಮ ಜಿಲ್ಲೆ ಆ ರಾಜ್ಯದಲ್ಲೇ ಇತ್ತು. ಇವತ್ತಿಗೂ ದೊಡ್ಡ ಕಾಯಿಲೆ ಬಂದರೆ, ಮಕ್ಕಳಿಗೆ ನೌಕರಿ ಬೇಕಾದರೆ ಬೆಂಗಳೂರಿಗಿಂತ ಮೊದಲು ಅತ್ತ ಮುಖ ಮಾಡುತ್ತೇವೆ. ಆದರೆ ನಿವೃತ್ತನಾದವನಿಗೆ ಮಗಳ ಮನೆಯಲ್ಲಿ ಮಾಡಲು ಏನಿದೆ? ನಾಲ್ಕನೆಯ ದಿನ ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಪತ್ರಿಕೆಯನ್ನು ಎರಡನೆಯ ಸಲ ಓದುತ್ತಿದ್ದೆ. ಮಗಳು ಎರಡು ಬಟ್ಟೆಚೀಲ ತಂದು ಕೈಗಿತ್ತು, “ಅಪ್ಪಾಜಿ, ಸುಮ್ಮನ ಕುಂತು ಬ್ಯಾಸರಾಗ್ಯಾದ. ರೈತು ಬಜಾರಕ್ಕ ಹೋಗಿ ಕಾಯಿಪಲ್ಲೆ ತಗೊಂಡು ಬರ್ರಿ” ಎಂದಳು.

ಅವಳ ಮನೆಯಿಂದ ಮೆಹದಿಪಟ್ನಂ ರೈತು ಬಜಾರಕ್ಕೆ ನಡೆದು ಹೋಗುವಷ್ಟೇ ದೂರ. ದಾರಿಯಲ್ಲಿ ತಲೆಯ ಮೇಲೆ ಪಿ.ವಿ. ನರಸಿಂಹರಾವ್ ಮೇಲುರಸ್ತೆ ಶುರುವಾಗುತ್ತದೆ. 11.6 ಕಿಲೋಮೀಟರ್ ಉದ್ದ, 2009ರಲ್ಲಿ ತೆರೆದದ್ದು. ಅದರ ಕಂಬಗಳಿಗೆ ಹಾಕಿದ ಸಂಖ್ಯೆಗಳೇ ಈಗ ಆ ಭಾಗದ ವಿಳಾಸಗಳಾಗಿವೆ. “ಇಂತಿಷ್ಟನೇ ಕಂಬದ ಎದುರು” ಎಂದರೆ ಸಾಕು, ಆಟೋದವನು ತಂದು ನಿಲ್ಲಿಸುತ್ತಾನೆ. ಲೋಕೋಪಯೋಗಿ ಇಲಾಖೆಯಲ್ಲಿ ಮೂವತ್ತು ವರ್ಷ ಕಳೆದವನಿಗೆ ಇಂಥವು ಕಣ್ಣಿಗೆ ಬೀಳದೆ ಇರುವುದಿಲ್ಲ, ಓದುಗರು ಕ್ಷಮಿಸಬೇಕು.

ಏಳು ಗಂಟೆಗೇ ಬಜಾರು ತುಂಬಿತ್ತು. ಬಾಗಿಲ ಹತ್ತಿರ ಒಂದು ಕರಿಹಲಗೆ, ಅದರ ಮೇಲೆ ತರಕಾರಿಯ ಹೆಸರು, ಎದುರಿಗೆ ಕಿಲೋಗೆ ಆ ದಿನದ ದರ. ಜನ ಅಲ್ಲಿ ಒಂದು ಗಳಿಗೆ ನಿಂತು ಓದಿಕೊಂಡೇ ಒಳಗೆ ಹೋಗುತ್ತಿದ್ದರು. ಒಳಗೆ ಸಾಲುಸಾಲು ಕಟ್ಟೆ, ಮೇಲೆ ತಗಡಿನ ಮಾಡು. ಕಟ್ಟೆಯ ಮೇಲೆ ಬೆಂಡೆ, ಬದನೆ, ಹೀರೆ, ಹಸಿಮೆಣಸು. ನೆಲದ ಮೇಲೆ ಒದ್ದೆ ಗೋಣಿಚೀಲ ಹಾಸಿ ಪುಂಡಿಪಲ್ಲೆ, ಮೆಂತ್ಯೆ, ಕೊತ್ತಂಬರಿ. ತೆಲಂಗಾಣದವರಿಗೆ ಹುಣಸೆಯ ಚಿಗುರು ಎಂದರೆ ಪ್ರಾಣ. ಅದರ ರಾಶಿಯೂ ಇತ್ತು. ತೆಲುಗು, ಉರ್ದು, ನಡುನಡುವೆ ಮರಾಠಿ. ಇಷ್ಟೆಲ್ಲ ಗದ್ದಲದಲ್ಲಿ ಒಂದು ಮಾತ್ರ ಇರಲಿಲ್ಲ, ಚೌಕಾಸಿಯ ಜಗಳ. ದರ ಹಲಗೆಯ ಮೇಲೆ ಇದೆ, ತಕ್ಕಡಿ ಎಲೆಕ್ಟ್ರಾನಿಕ್, ಅಂಕಿ ಇಬ್ಬರಿಗೂ ಕಾಣುತ್ತದೆ. ಇನ್ನು ಜಗಳಕ್ಕೆ ಜಾಗವೆಲ್ಲಿ?

ಈ ವ್ಯವಸ್ಥೆ ಶುರುವಾದದ್ದು 1999ರ ಜನವರಿಯಲ್ಲಿ, ಆಗಿನ ಆಂಧ್ರಪ್ರದೇಶದಲ್ಲಿ ಚಂದ್ರಬಾಬು ನಾಯ್ಡು ಮುಖ್ಯಮಂತ್ರಿಯಾಗಿದ್ದಾಗ. ಅದಕ್ಕೆ ಮೊದಲೇ, 1987ರಲ್ಲಿ, ಪಂಜಾಬಿನವರು ‘ಅಪನಿ ಮಂಡಿ’ ಎಂದು ಆರಂಭಿಸಿದ್ದರು. ಅದೇ 1999ರ ನವೆಂಬರಿನಲ್ಲಿ ತಮಿಳುನಾಡಿನಲ್ಲಿ ಕರುಣಾನಿಧಿಯವರ ಸರ್ಕಾರ ಮದುರೆಯಿಂದ ‘ಉಳವರ್ ಸಂದೈ’ ತೆರೆಯಿತು. 2014ರಲ್ಲಿ ತೆಲಂಗಾಣ ಬೇರೆ ರಾಜ್ಯವಾದ ಮೇಲೂ ರೈತು ಬಜಾರುಗಳು ಹಾಗೇ ಉಳಿದವು. ಪಕ್ಷ ಬದಲಾಗಿ, ರಾಜ್ಯವೇ ಬದಲಾಗಿ, ಒಂದು ಯೋಜನೆ ಕಾಲು ಶತಮಾನ ಉಳಿಯುವುದು ನಮ್ಮ ದೇಶದಲ್ಲಿ ಸಣ್ಣ ಮಾತಲ್ಲ. ನಿಯಮ ಸರಳ. ಸುತ್ತಲಿನ ಹಳ್ಳಿಗಳಲ್ಲಿ ತರಕಾರಿ ಬೆಳೆಯುವ ರೈತರನ್ನು ಅಧಿಕಾರಿಗಳು ಗುರುತಿಸಿ ಭಾವಚಿತ್ರದ ಕಾರ್ಡು ಕೊಡುತ್ತಾರೆ. ಕಾರ್ಡು ಇದ್ದವರು ಬಂದು ಮಾರಬಹುದು. ನಡುವೆ ದಲಾಲರಿಲ್ಲ. ಪ್ರತಿ ಬಜಾರಿಗೂ ಒಬ್ಬ ಎಸ್ಟೇಟ್ ಆಫೀಸರ್. ದಿನದ ದರವನ್ನು ಸಗಟು ಮಂಡಿಯ ದರಕ್ಕಿಂತ ಮೇಲೆ, ಹೊರಗಿನ ಚಿಲ್ಲರೆ ಅಂಗಡಿಯ ದರಕ್ಕಿಂತ ಕೆಳಗೆ ಇರುವಂತೆ ಗೊತ್ತುಮಾಡುತ್ತಾರೆ. ಆ ಭಾಗದಲ್ಲಿ ಬೆಳೆಯದ ಪದಾರ್ಥಗಳನ್ನು ಮಾರಲು ಮಹಿಳಾ ಸ್ವಸಹಾಯ ಸಂಘಗಳಿಗೆ ಅವಕಾಶವಿದೆ.

ಬದನೆಕಾಯಿ ಆರಿಸುತ್ತ ನಾನು ನನ್ನ ಹರಕು ತೆಲುಗಿನಲ್ಲಿ ಏನೋ ಕೇಳಿದೆ. ಕಟ್ಟೆಯ ಮೇಲೆ ಕೂತಿದ್ದ ನಲವತ್ತರ ಹೆಣ್ಣುಮಗಳು ನಕ್ಕು, “ಕಾಕಾ, ನೀವು ಯಾ ಕಡಿಯೋರು? ಕನ್ನಡ ಮಾತಾಡ್ರಿ, ನನಗ ಬರ್ತದ” ಎಂದಳು. ತವರು ಜಹೀರಾಬಾದ್ ಕಡೆ. ಅಲ್ಲಿ ಬೀದರ ಗಡಿಗೆ ಹೊಂದಿದ ಹಳ್ಳಿಗಳಲ್ಲಿ ಕನ್ನಡ ಮನೆಮಾತಾಗಿರುವವರು ಬಹಳ. ಕೊಟ್ಟದ್ದು ಚೇವೆಳ್ಳ ಕಡೆಗೆ. ಒಂದೂವರೆ ಎಕರೆ, ಬೋರಿನ ನೀರು. ವಾರದಲ್ಲಿ ಮೂರು ದಿನ ಬರುತ್ತಾಳೆ. ನಸುಕಿನ ಮೂರಕ್ಕೆ ಎದ್ದು, ಹಿಂದಿನ ಸಂಜೆ ಕಿತ್ತಿಟ್ಟ ಮಾಲನ್ನು ನಾಲ್ಕಾರು ಮಂದಿ ಸೇರಿ ಮಾಡಿದ ಗಾಡಿಗೆ ಹಾಕಿ, ಆರಕ್ಕೆ ಕಟ್ಟೆ ಹಿಡಿಯುತ್ತಾಳೆ.

“ಮಂಡಿಗೆ ಹಾಕೂದಿಲ್ಲೇನವ್ವಾ?” ಎಂದೆ.

“ಮದಲು ಹಾಕ್ತಿದ್ದಿವಿ ಕಾಕಾ. ಅಲ್ಲಿ ನಮ್ಮ ಮಾಲಿಗಿ ದರ ಅವ್ರು ಹೇಳ್ತಿದ್ರು, ನಾವು ಕೇಳ್ತಿದ್ದಿವಿ. ಇಲ್ಲಿ ನಾನs ಕುಂತು, ನಾನs ತೂಗಿ, ನಾನs ರೊಕ್ಕ ಎಣಿಸ್ತೀನಿ.”

ಆ ದಿನ ಅವಳು ತಂದದ್ದು ಸುಮಾರು 60 ಕಿಲೋ. ಲೆಕ್ಕ ಕೇಳುವುದು ನನ್ನ ಹಳೆಯ ಚಟ. ಎಲ್ಲ ಮಾರಿದರೆ ಎರಡು ಸಾವಿರದ ಆಸುಪಾಸು, ಗಾಡಿ ಬಾಡಿಗೆಯ ಪಾಲು, ಚಹಾ, ಊಟ ಕಳೆದರೆ ಸಾವಿರದ ಏಳುನೂರು. ಅದೇ ಮಾಲು ಮಂಡಿಗೆ ಹೋಗಿದ್ದರೆ ಎಂಟುನೂರು ಕೈಗೆ ಬಂದರೆ ಹೆಚ್ಚು ಎಂದಳು. ಕಾರ್ಡು ನೋಡಬಹುದೇ ಎಂದೆ. ಕಾರ್ಡಿನಲ್ಲಿ ಇದ್ದದ್ದು ಅವಳ ಮಾವನ ಫೋಟೋ. “ಹೊಲ ಅವ್ರ ಹೆಸರಿನ್ಯಾಗ ಅದ ಕಾಕಾ” ಎಂದು ಅದನ್ನು ಸೆರಗಿನ ಗಂಟಿಗೆ ಸೇರಿಸಿದಳು. ಬಿತ್ತುವುದು, ಕಳೆ ತೆಗೆಯುವುದು, ಕೀಳುವುದು, ಹೊತ್ತು ತರುವುದು, ಮಾರುವುದು ಅವಳು. ಕಾರ್ಡಿನ ಮೇಲೆ ರೈತ ಎಂದು ಇರುವುದು ಎಂಬತ್ತರ ಸಮೀಪದ, ಮನೆಯಿಂದ ಹೊರಬರದ ಮಾವ.

ಆಮೇಲೆ ಆ ಹದಿನೈದು ದಿನಗಳಲ್ಲಿ ಐದು ಸಲ ಹೋದೆ. ಮಗಳ ಫ್ರಿಜ್ಜಿನಲ್ಲಿ ಜಾಗ ಉಳಿಯಲಿಲ್ಲ. ಒಂದು ದಿನ ಬೇಕೆಂದೇ ಸಂಜೆ ನಾಲ್ಕಕ್ಕೆ ಹೋದೆ. ಬೆಳಗಿನ ಬಜಾರು ಬೇರೆ, ಸಂಜೆಯದು ಬೇರೆ. ಸೊಪ್ಪೆಲ್ಲ ತಲೆ ಜೋಲಿಸಿತ್ತು. ನೀರು ಚಿಮುಕಿಸಿ ಚಿಮುಕಿಸಿ ಕೆಲವರ ಕೈ ಬೆಳ್ಳಗಾಗಿತ್ತು. ನಮ್ಮ ಚೇವೆಳ್ಳದ ತಂಗಿಯ ಮುಂದೆ ಮೂರು ಕಿಲೋ ಬದನೆ, ಎರಡು ಕಿಲೋ ಬೆಂಡೆ, ಹತ್ತು ಸಿವುಡು ಮೆಂತ್ಯೆ ಉಳಿದಿದ್ದವು. ಹಲಗೆಯ ದರ ಈಗ ಯಾರಿಗೂ ಬೇಡ. ಗಿರಾಕಿ ಅರ್ಧಕ್ಕೆ ಕೇಳುತ್ತಾನೆ, ಇವಳು ಕೊಡುತ್ತಾಳೆ. ಗಾಡಿ ಹೊರಡುವ ಹೊತ್ತಾಗಿದೆ. ಅದೂ ಹೋಗದಿದ್ದರೆ ಅಲ್ಲೇ ತಿಪ್ಪೆಗೆ. ಬೆಳಗಿನಿಂದ ಕೂತು ದುಡಿದದ್ದರ ಹತ್ತರಲ್ಲೊಂದು ಪಾಲು ಕೊನೆಯ ಎರಡು ತಾಸಿನಲ್ಲಿ ಕರಗುವುದನ್ನು ಅಂದು ಕಣ್ಣಾರೆ ನೋಡಿದೆ.

ಇದನ್ನು ಬರೆಯುವಾಗ ನನ್ನ ಮೇಜಿನ ಮೇಲೆ ಇನ್ನೊಂದು ಕಾಗದವಿದೆ. ಊರಿನಲ್ಲಿ ಹೊಲ ಮಾಡುವ ನನ್ನ ತಮ್ಮನಿಗೆ ನಮ್ಮ ಕಡೆಯ ಒಂದು ಮಾರುಕಟ್ಟೆಯ ಅಡತಿ ಅಂಗಡಿ ಕೊಟ್ಟ ಪಟ್ಟಿ. 18 ಕ್ರೇಟ್ ಟೊಮೆಟೊ, ಕ್ರೇಟಿಗೆ 25 ಕಿಲೋ, ಒಟ್ಟು 450 ಕಿಲೋ. ಹರಾಜಿನಲ್ಲಿ ಕ್ರೇಟಿಗೆ 180 ರೂಪಾಯಿಯಂತೆ 3,240. ದಲಾಲಿ ನೂರಕ್ಕೆ ಹತ್ತರಂತೆ 324. ಹಮಾಲಿ 108. ಗಾಡಿ ಬಾಡಿಗೆ 540. ಉಳಿದದ್ದು 2,268. ಕಿತ್ತ ನಾಲ್ವರು ಹೆಣ್ಣುಮಕ್ಕಳ ಕೂಲಿ 1,400 ಕೊಟ್ಟ ಮೇಲೆ ತಮ್ಮನ ಕೈಯಲ್ಲಿ 868 ರೂಪಾಯಿ. ಕಿಲೋಗೆ ಎರಡು ರೂಪಾಯಿಯೂ ಇಲ್ಲ. ಅದರಲ್ಲೇ ಬೀಜ, ಗೊಬ್ಬರ, ಔಷಧ, ಮೂರು ತಿಂಗಳ ಅವನ ಮೈಬೆವರು. ಅದೇ ದಿನ ಅದೇ ಊರಿನ ಬಸ್ ನಿಲ್ದಾಣದ ಎದುರು ಟೊಮೆಟೊ ಕಿಲೋಗೆ ಇಪ್ಪತ್ತು ರೂಪಾಯಿಗೆ ಮಾರಾಟವಾಗುತ್ತಿತ್ತು. ನಾನೇ ಎರಡು ಕಿಲೋ ಕೊಂಡಿದ್ದೆ. ದಲಾಲಿಯನ್ನು ಕೊಳ್ಳುವವನಿಂದ ಪಡೆಯಬೇಕು, ರೈತನ ಪಟ್ಟಿಯಲ್ಲಿ ಮುರಿಯಬಾರದು ಎಂಬುದು ನಮ್ಮ ರಾಜ್ಯದ ನಿಯಮ. ಪಟ್ಟಿಯಲ್ಲಿ ಮಾತ್ರ ಬೇರೆ ಹೆಸರಿನಲ್ಲಿ ಮುರಿದಿರುತ್ತದೆ.

ಇದು ನನ್ನ ತಮ್ಮನೊಬ್ಬನ ದುರ್ದೈವ ಎನ್ನುವಂತಿಲ್ಲ. ರಿಸರ್ವ್ ಬ್ಯಾಂಕ್ 2024ರಲ್ಲಿ ಹೊರತಂದ ಅಧ್ಯಯನ ಪ್ರಬಂಧಗಳ ಪ್ರಕಾರ ಗ್ರಾಹಕ ಟೊಮೆಟೊಗೆ ಕೊಡುವ ಒಂದು ರೂಪಾಯಿಯಲ್ಲಿ ಬೆಳೆದವನಿಗೆ ಮುಟ್ಟುವುದು ಸುಮಾರು 33 ಪೈಸೆ. ಉಳ್ಳಾಗಡ್ಡಿಯಲ್ಲಿ 36, ಆಲೂಗಡ್ಡೆಯಲ್ಲಿ 37. ತಮ್ಮನಿಗೆ ಅಷ್ಟೂ ಬರಲಿಲ್ಲ.

ಇಲ್ಲಿಗೆ ನಿಲ್ಲಿಸಿ ಅಡತಿಯವರನ್ನು ಬೈದುಬಿಟ್ಟರೆ ಸಂಪಾದಕೀಯ ಸುಲಭವಾಗಿ ಮುಗಿಯುತ್ತದೆ. ಆದರೆ ನಾನು ಬೈಯಲಾರೆ. ನನ್ನ ಸೋದರಮಾವನದು ಅಡತಿ ಅಂಗಡಿಯೇ ಆಗಿತ್ತು. ಕಲಬುರಗಿಯಲ್ಲಿ ನನ್ನ ಇಂಜಿನಿಯರಿಂಗ್ ಓದಿನ ಫೀಸು, ಊಟದ ಖರ್ಚು ಅವರ ಗಲ್ಲಾಪೆಟ್ಟಿಗೆಯಿಂದ ಬಂದದ್ದು. ಯಾವ ರೈತರ ಪಟ್ಟಿಯಲ್ಲಿ ಮುರಿದ ಹಣದಿಂದ ನಾನು ಇಂಜಿನಿಯರ್ ಆದೆನೋ ಅವರ ಹೆಸರುಗಳು ನನಗೆ ಗೊತ್ತಿಲ್ಲ. ಇನ್ನೂ ಒಂದು ಹೇಳಬೇಕು. ರಾತ್ರಿ ಹನ್ನೊಂದಕ್ಕೆ ರೈತ ಬಂದು, ಮಗಳನ್ನು ದವಾಖಾನೆಗೆ ಹಾಕಿದ್ದೇನೆ ಎಂದರೆ, ಕಾಗದ ಪತ್ರ ಕೇಳದೆ ಹಣ ಎಣಿಸಿ ಕೊಟ್ಟದ್ದೂ ನನ್ನ ಸೋದರಮಾವನೇ. ಮದುವೆಗೆ, ಬೀಜಕ್ಕೆ, ಬೋರಿಗೆ ಕೊಟ್ಟದ್ದೂ ಅವರೇ. ಬ್ಯಾಂಕು ಕೊಡಲಿಲ್ಲ. ಆ ಸಾಲ ಇದ್ದವನು ಮಾಲನ್ನು ಬೇರೆ ಅಂಗಡಿಗೆ ಹಾಕುವಂತಿರಲಿಲ್ಲ ಎಂಬುದು ಅದರ ಮತ್ತೊಂದು ಮುಖ. ಹಗ್ಗ ಮೃದುವಾಗಿತ್ತು, ಆದರೆ ಹಗ್ಗವೇ. ಅಡತಿಯವನು ಐದು ಟನ್ ಮಾಲು ಬಂದರೂ ಒಂದೇ ತಾಸಿನಲ್ಲಿ ಇಳಿಸಿಕೊಳ್ಳುತ್ತಾನೆ. ರೈತು ಬಜಾರದ ಕಟ್ಟೆಯಲ್ಲಿ ಕೂತು 450 ಕಿಲೋ ಟೊಮೆಟೊ ಕಿಲೋ ಲೆಕ್ಕದಲ್ಲಿ ಮಾರಲು ನನ್ನ ತಮ್ಮನಿಗೆ ಒಂದು ವಾರ ಬೇಕು. ಅಷ್ಟರಲ್ಲಿ ಅದು ರಸವಾಗುತ್ತದೆ. ಆದ್ದರಿಂದ ಈ ಬಗೆಯ ಬಜಾರು ಎಲ್ಲ ರೈತರ ಎಲ್ಲ ಕಷ್ಟಕ್ಕೂ ಮದ್ದಲ್ಲ. ಒಂದು, ಎರಡು ಎಕರೆಯಲ್ಲಿ ನಾಲ್ಕಾರು ಬಗೆ ಕಾಯಿಪಲ್ಲೆ ಬೆಳೆದು, ಮನೆಯಲ್ಲಿ ಬಂದು ಕೂರಲು ಒಬ್ಬರಿರುವ ಸಣ್ಣ ಹಿಡುವಳಿದಾರರಿಗೆ ಇದು ಹೇಳಿ ಮಾಡಿಸಿದ್ದು. ನಮ್ಮ ಹಳ್ಳಿಗಳಲ್ಲಿ ಅಂಥವರೇ ಹೆಚ್ಚು.

ಹಾಗಾದರೆ ನಮ್ಮಲ್ಲಿ ಇದು ಏಕೆ ಬೇರೂರಲಿಲ್ಲ? ಬೆಂಗಳೂರಿನವರು 1959ರಲ್ಲೇ ಮರಿಗೌಡರ ಮುಂದಾಳುತನದಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘ ಕಟ್ಟಿದರು. ಅದೇ ಮುಂದೆ ಹಾಪ್‌ಕಾಮ್ಸ್ ಆಯಿತು. ಅದು ರೈತನಿಂದ ಕೊಂಡು ಸಂಘ ಮಾರುವ ಪದ್ಧತಿ. ರೈತನೇ ಕೂತು ಮಾರುವ ಜಾಗಗಳನ್ನೂ ಸರ್ಕಾರಗಳು ಅಲ್ಲಲ್ಲಿ ಕಟ್ಟಿಸಿವೆ. ಅಂಥ ಒಂದನ್ನು ಕಟ್ಟಿಸಿದವನು ನಾನೇ. ಊರ ಹೆಸರು ಬೇಡ. ಸೇವೆಯಲ್ಲಿದ್ದಾಗ ಒಂದು ತಾಲ್ಲೂಕು ಕೇಂದ್ರದಲ್ಲಿ 40 ಜನ ಕೂರುವ ಸಂತೆಕಟ್ಟೆಗೆ ಅನುದಾನ ಬಂತು. ಸರ್ಕಾರಿ ಜಾಗ ಪುಕ್ಕಟೆ ಸಿಕ್ಕದ್ದು ಊರಿಂದ ಮೂರು ಕಿಲೋಮೀಟರ್ ಆಚೆ, ಬೈಪಾಸ್ ಪಕ್ಕದಲ್ಲಿ. ನಕ್ಷೆ ಒಳ್ಳೆಯದಿತ್ತು, ಇಳಿಜಾರು ಸರಿಯಾಗಿತ್ತು, ಕಾಂಕ್ರೀಟು ಗಟ್ಟಿ; ಇವತ್ತಿಗೂ ಒಂದು ಬಿರುಕಿಲ್ಲ. ಆದರೆ ಒಂದೇ ಒಂದು ಸಂತೆ ಅಲ್ಲಿ ನೆರೆಯಲಿಲ್ಲ. ಚೀಲ ಹಿಡಿದ ಗೃಹಿಣಿ ಮೂರು ಕಿಲೋಮೀಟರ್ ನಡೆದು ಬದನೆಕಾಯಿ ತರುವುದಿಲ್ಲ. ಈಗ ಅಲ್ಲಿ ಟ್ರ್ಯಾಕ್ಟರ್ ಟ್ರೇಲರುಗಳು ನಿಲ್ಲುತ್ತವೆ, ಮಳೆ ಬಂದಾಗ ಎಮ್ಮೆಗಳು. ನಾನು ನೀರು ಹರಿಯುವ ದಿಕ್ಕು ನೋಡಿ ಕಟ್ಟಿದೆ, ಜನ ಹರಿಯುವ ದಿಕ್ಕು ನೋಡಲಿಲ್ಲ. ಮೆಹದಿಪಟ್ನಂ ಬಜಾರದ ಕಟ್ಟೆಗಳು ಅದಕ್ಕಿಂತ ಸಾಧಾರಣ. ಆದರೆ ಪಕ್ಕದಲ್ಲೇ ಬಸ್ಸು ಬರುತ್ತದೆ, ಜನ ಇಳಿಯುತ್ತಾರೆ, ಕೊಳ್ಳುತ್ತಾರೆ, ಹತ್ತುತ್ತಾರೆ.

ಇಂಥ ಬಜಾರುಗಳ ಮೇಲೆ ಎಲ್ಲ ರಾಜ್ಯಗಳಲ್ಲೂ ಒಂದು ಹಳೆಯ ದೂರಿದೆ. ಕಾಲ ಕಳೆದಂತೆ ರೈತನ ಕಟ್ಟೆಯ ಮೇಲೆ ವ್ಯಾಪಾರಿ ಬಂದು ಕೂರುತ್ತಾನೆ, ಬೆಳಿಗ್ಗೆ ಮಂಡಿಯಲ್ಲಿ ಕೊಂಡದ್ದನ್ನು ತನ್ನ ಹೊಲದ್ದೆಂದು ಮಾರುತ್ತಾನೆ ಎಂಬುದು. ಗುರುತು ಹಿಡಿಯುವುದು ಕಷ್ಟವೇನಲ್ಲ. ಒಬ್ಬನ ಮುಂದೆ ಹನ್ನೆರಡು ತಿಂಗಳೂ ಹನ್ನೆರಡು ಬಗೆಯ ತರಕಾರಿ ಇದ್ದರೆ ಅವನಿಗೆ ಹೊಲವಿಲ್ಲ ಎಂದು ತಿಳಿಯಬೇಕು. ಕಾರ್ಡು ನೋಡಿದರೆ ಸಾಲದು, ಹೊಲ ನೋಡಬೇಕು. ಹೊಲ ನೋಡಲು ಹೋಗುವವರು ಬೇಕು. ಅಧಿಕಾರಿಗೆ ನೂರು ಕೆಲಸ, ಅವನು ಎಷ್ಟು ದಿನ ಹೋದಾನು?

ಇಲ್ಲಿಂದ ಮುಂದಿನ ಮಾತು ಮಠಗಳದ್ದು.

ಈ ಪತ್ರಿಕೆ ಮಠಗಳ ಮೂಲಕವೇ ನಿಮ್ಮ ಕೈ ಸೇರುತ್ತದೆ. ನಮ್ಮಲ್ಲಿ ಬಹಳಷ್ಟು ಮಠಗಳು ದೂರದಲ್ಲಿಲ್ಲ. ಊರ ನಡುವೆ, ಬಸ್ಸು ನಿಲ್ಲುವ ಕಡೆ, ಹೆಣ್ಣುಮಕ್ಕಳು ಅಳುಕಿಲ್ಲದೆ ಬಂದು ಕೂರಬಹುದಾದ ಕಡೆ ಇವೆ. ಅಂಗಳವಿದೆ, ಮರದ ನೆರಳಿದೆ, ಕುಡಿಯುವ ನೀರಿದೆ, ಶೌಚಾಲಯವಿದೆ. ನಾನು ಕಾಂಕ್ರೀಟಿನಿಂದ ಮಾಡಲಾಗದ್ದು ಅಲ್ಲಿ ಈಗಾಗಲೇ ಇದೆ. ಎಲ್ಲಕ್ಕಿಂತ ಮುಖ್ಯವಾಗಿ ಅಡುಗೆಮನೆಯಿದೆ. ಸಿದ್ಧಗಂಗೆಯಂಥ ದೊಡ್ಡ ಮಠದಲ್ಲಿ ಹತ್ತು ಸಾವಿರದಷ್ಟು ಮಕ್ಕಳು ದಿನವೂ ಊಟ ಮಾಡುತ್ತಾರೆ. ಅಷ್ಟು ದೂರ ಹೋಗುವುದು ಬೇಡ. ನಮ್ಮ ಕಡೆಯ ಒಂದು ಸಾಧಾರಣ ಪ್ರಸಾದ ನಿಲಯ, 500 ಮಕ್ಕಳು ಎಂದುಕೊಳ್ಳಿ. ತಲೆಗೆ ದಿನಕ್ಕೆ 150 ಗ್ರಾಂ ಕಾಯಿಪಲ್ಲೆ ಹಿಡಿದರೂ 75 ಕಿಲೋ. ಚೇವೆಳ್ಳದ ಆ ತಂಗಿ ಒಂದು ದಿನ ತರುವ ಮಾಲಿಗಿಂತ ಹೆಚ್ಚು! ವಾರಕ್ಕೆ 525 ಕಿಲೋ. ಅದು ಈಗ ಎಲ್ಲಿಂದ ಬರುತ್ತಿದೆ? ಬಹುತೇಕ ಕಡೆ ಅಡತಿ ಅಂಗಡಿಯಿಂದ ಗಾಡಿಯಲ್ಲಿ ಬರುತ್ತದೆ. ಮಠದ ಎದುರಿನ ಹೊಲದ ಬದನೆಕಾಯಿ ಮೂವತ್ತು ಕಿಲೋಮೀಟರ್ ದೂರದ ಮಾರುಕಟ್ಟೆಗೆ ಹೋಗಿ, ಹರಾಜಾಗಿ, ಹಮಾಲಿ ದಲಾಲಿ ಹೊತ್ತು, ಅದೇ ರಸ್ತೆಯಲ್ಲಿ ಮಠಕ್ಕೆ ಮರಳುವುದನ್ನು ನಾನು ಬಲ್ಲೆ.

ನೀರಾವರಿ ಕೆಲಸದಲ್ಲಿ ಸಮತೋಲನ ಜಲಾಶಯ ಎಂದು ಒಂದುಂಟು. ಕಾಲುವೆಯಲ್ಲಿ ನೀರು ಹೆಚ್ಚಾದಾಗ ಅದು ತುಂಬಿಕೊಳ್ಳುತ್ತದೆ, ಕೊನೆಯ ಹೊಲದವನಿಗೆ ಕಡಿಮೆಯಾದಾಗ ಬಿಡುತ್ತದೆ. ಮಠದ ಅಡುಗೆಮನೆ ಸಂತೆಗೆ ಅಂಥ ಜಲಾಶಯವಾಗಬಹುದು ಎಂಬುದೇ ನನ್ನ ಸೂಚನೆ. ವಾರಕ್ಕೊಮ್ಮೆ ಬೆಳಿಗ್ಗೆ ಆರರಿಂದ ಹನ್ನೊಂದರವರೆಗೆ ಮಠದ ಅಂಗಳದಲ್ಲಿ ರೈತರು ಕೂತು ಊರಿನವರಿಗೆ ಮಾರಲಿ. ಹನ್ನೊಂದಕ್ಕೆ ಉಳಿದ ಒಳ್ಳೆಯ ಮಾಲನ್ನೆಲ್ಲ ದಾಸೋಹದವರು ಬೆಳಿಗ್ಗೆ ಹಲಗೆಯ ಮೇಲೆ ಬರೆದ ದರಕ್ಕೇ ಕೊಳ್ಳಲಿ. ಬೆಂಡೆಕಾಯಿ ಬಂದರೆ ಬೆಂಡೆಕಾಯಿ, ಕುಂಬಳ ಬಂದರೆ ಕುಂಬಳ. ಅಡುಗೆಯವರು ಇವತ್ತು ಏನು ಎಂದು ಮೊದಲೇ ಗೊತ್ತುಮಾಡದೆ, ಬಂದದ್ದರಲ್ಲಿ ಪಲ್ಯ ಮಾಡಲು ಒಪ್ಪಬೇಕು. ಅದೊಂದೇ ತೊಡಕು, ಅಡುಗೆಯವರನ್ನು ಒಪ್ಪಿಸುವುದು ಮುಖ್ಯ ಇಂಜಿನಿಯರನ್ನು ಒಪ್ಪಿಸುವುದಕ್ಕಿಂತ ಕಷ್ಟ ಎಂದು ನನಗೆ ಗೊತ್ತು. ಸಂಜೆ ನಾಲ್ಕರ ಹೊತ್ತು ಬಜಾರಿನಲ್ಲಿ ನಾನು ಕಂಡ ಆ ನಷ್ಟ, ಆ ಅರ್ಧ ಬೆಲೆಯ ದೈನ್ಯ ಇಲ್ಲಿ ಇರುವುದಿಲ್ಲ.

ನುಲಿಯ ಚಂದಯ್ಯನವರು ಹುಲ್ಲು ಕೊಯ್ದು, ಹಗ್ಗ ಹೊಸೆದು, ಮಾರಿ, ಬಂದದ್ದರಲ್ಲಿ ದಾಸೋಹ ನಡೆಸಿದರು. ಹಗ್ಗಕ್ಕೆ ಸಲ್ಲುವುದಕ್ಕಿಂತ ಹೆಚ್ಚು ಹಣ ಬಂದಾಗ ಅವರು ಅದನ್ನು ಒಪ್ಪಲಿಲ್ಲ ಎಂಬ ಪ್ರಸಂಗವನ್ನು ಪ್ರವಚನಗಳಲ್ಲಿ ಎಷ್ಟೋ ಸಲ ಕೇಳಿದ್ದೇವೆ, ತಲೆದೂಗಿದ್ದೇವೆ. ಹೆಚ್ಚು ಪಡೆದರೆ ಕಾಯಕ ಕೆಡುತ್ತದೆ ಎಂದರೆ, ಕಡಿಮೆ ಕೊಟ್ಟರೆ ದಾಸೋಹ ಕೆಡುವುದಿಲ್ಲವೇ? ಕಿಲೋಗೆ ಎರಡು ರೂಪಾಯಿ ಸಿಕ್ಕವನ ಟೊಮೆಟೊ ನಮ್ಮ ಪಂಕ್ತಿಯ ಸಾರಿನಲ್ಲಿದ್ದರೆ ಆ ಪ್ರಸಾದಕ್ಕೆ ಯಾರು ದಾಸೋಹಿಗಳು, ದಾನಿಗಳ ಫಲಕದಲ್ಲಿ ಹೆಸರಿರುವವರೋ, ಪಟ್ಟಿಯಲ್ಲಿ ಮುರಿಸಿಕೊಂಡವನೋ? ಈ ಪ್ರಶ್ನೆ ನಮ್ಮಲ್ಲಿ ಮುಜುಗರದ್ದು. ಅಡತಿ ಅಂಗಡಿಯವರಲ್ಲಿ ನಮ್ಮವರು ಬಹಳ. ಮಠಗಳ ಕಲ್ಯಾಣಮಂಟಪ, ಮಹಾದ್ವಾರಗಳಿಗೆ ದೊಡ್ಡ ಕೈಯಿಂದ ಕೊಟ್ಟವರಲ್ಲಿ ಅವರಿದ್ದಾರೆ. ಫಲಕದಲ್ಲಿ ನನ್ನ ಸೋದರಮಾವನ ಹೆಸರೂ ಇದೆ.

ಊರಿಗೆ ಬಂದ ಮೇಲೆ ನಮ್ಮ ಮಠಕ್ಕೆ ಹೋಗಿ ಪೂಜ್ಯ ಅಪ್ಪಗಳ ಮುಂದೆ ಈ ಮಾತು ಇಟ್ಟೆ. ಟ್ರಸ್ಟಿನ ಹಿರಿಯರೊಬ್ಬರು ಅಲ್ಲೇ ಕೂತಿದ್ದರು. ಅವರದೂ ಅಡತಿ ವ್ಯವಹಾರವೇ. “ಇಂಜಿನಿಯರ್ ಸಾಹೇಬ್ರ, ರಿಟಾಯರ್ ಆದ್ಮ್ಯಾಲ ನಮ್ಮ ಅಂಗಡಿ ಮುಚ್ಚಸ್ಬೇಕಂತ ಮಾಡೀರೇನ್ರಿ?” ಎಂದು ನಕ್ಕರು. ನಗೆಯೇ ಆಗಿತ್ತು, ಆದರೆ ಪೂರ್ತಿ ನಗೆಯಲ್ಲ.

“ನಿಮ್ಮ ಅಂಗಡಿಗಿ ದಿನಾ ಎಷ್ಟು ಟನ್ ಬರ್ತದ್ರಿ?” ಎಂದೆ.

“ಹಂಗಾಮಿನ್ಯಾಗ ಇಪ್ಪತ್ತು.”

“ನಾ ಕೇಳಾಕ್ಹತ್ತಿದ್ದು ವಾರಕ್ಕ ಅರ್ಧ ಟನ್ರಿ.”

ಅಪ್ಪಗಳು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ಮದಲು ನಾಕು ಸೋಮವಾರ ಮಾಡಿ ನೋಡ್ರಿ. ಲೆಕ್ಕ ಬರದು ಇಡ್ರಿ. ಆಮ್ಯಾಲ ಮಾತಾಡೋಣ” ಎಂದರು. ಟ್ರಸ್ಟಿನ ಹಿರಿಯರು ಏಳುವಾಗ, ತಮ್ಮ ಅಂಗಡಿಯ ಎರಡು ಎಲೆಕ್ಟ್ರಾನಿಕ್ ತಕ್ಕಡಿ ಖಾಲಿ ಬಿದ್ದಿವೆ, ಬೇಕಾದರೆ ಒಯ್ಯಿರಿ ಎಂದು ಹೇಳಿ ಹೋದರು. ಆ ಮಾತಿಗೆ ಏನು ಅರ್ಥ ಎಂದು ನಾನು ಇನ್ನೂ ಯೋಚಿಸುತ್ತಿದ್ದೇನೆ. ತಕ್ಕಡಿಗಳನ್ನು ಮಾತ್ರ ಮರುದಿನವೇ ತಂದೆ.

ಮಠದ ಮೂಡಲ ಬಾಗಿಲ ಬಳಿಯ ಬೇವಿನ ಮರಗಳ ಕೆಳಗೆ 60 ಅಡಿ ಉದ್ದ, 40 ಅಡಿ ಅಗಲದ ಜಾಗ ಅಳೆದಿದ್ದೇನೆ. ನಡುವೆ ಓಡಾಡಲು ಎಂಟಡಿ ಬಿಟ್ಟರೆ 24 ಜನ ಕೂರಬಹುದು. ಕಟ್ಟೆ ಕಟ್ಟುವುದಿಲ್ಲ, ಸುಣ್ಣದ ಗೆರೆ ಸಾಕು. ಕಟ್ಟುವ ಅವಸರ ನನಗೆ ಒಮ್ಮೆ ಪಾಠ ಕಲಿಸಿದೆ. ದರದ ಹಲಗೆಗೆ ಶಾಲೆಯ ಹಳೆಯ ಕರಿಹಲಗೆ ಸಿಕ್ಕಿದೆ. ದರ ಬರೆಯಲು ಇಬ್ಬರು ರೈತರು, ಇಬ್ಬರು ಗೃಹಿಣಿಯರು, ದಾಸೋಹದ ಭಂಡಾರಿ ಸೇರಿ ಐವರು ಬೆಳಿಗ್ಗೆ ಐದೂವರೆಗೆ ಕೂರಬೇಕು. ಗೃಹಿಣಿಯರಲ್ಲಿ ಒಬ್ಬರು ಒಪ್ಪಿದ್ದಾರೆ, ಇನ್ನೊಬ್ಬರು ಬೇಕು. ನಮ್ಮ ಮನೆಯವರು ಮೊಣಕಾಲು ತೋರಿಸಿ ತಪ್ಪಿಸಿಕೊಂಡರು.

ಸುತ್ತಲಿನ ಹನ್ನೆರಡು ಹಳ್ಳಿಗಳಲ್ಲಿ ಕಾಯಿಪಲ್ಲೆ ಬೆಳೆಯುವವರು ಹೆಸರು ಬರೆಸಲು ಮಠದ ಕಚೇರಿಗೆ ಬರಬಹುದು. ಪಹಣಿ ತರುವುದು ಬೇಡ. ಹೊಲ ಮಾವನ ಹೆಸರಿನಲ್ಲಿರಲಿ, ಗಂಡನ ಹೆಸರಿನಲ್ಲಿರಲಿ, ಲಾವಣಿಗೆ ಮಾಡಿದ್ದೇ ಇರಲಿ, ಯಾರು ಬೆಳೆದು ತಂದು ಕೂರುತ್ತಾರೋ ಅವರ ಹೆಸರೇ ಚೀಟಿಯ ಮೇಲೆ ಇರುತ್ತದೆ, ಅವರ ಫೋಟೋವೇ ಇರುತ್ತದೆ. ಹೊಲದಲ್ಲಿ ಬೆಳೆ ಇದ್ದರೆ ಸಾಕು. ನೋಡಲು ನಾನೇ ಬರುತ್ತೇನೆ; ಸ್ಕೂಟರ್ ಇದೆ, ಸಮಯವೂ ಇದೆ.